ನೀರಲ್ಲೇ ಓಡುತ್ತೆ ಅಂದಿದ್ರು: ಸೋಲಾರ್ ಹೈಡ್ರೋಜನ್ ಕಿಟ್ ಹೇಗಿದೆ

ಮಗಳಿಗೆ ಅಂತ ಹೇಳಿ ತರಿಸಿದ್ದು, ನಿಜ ಹೇಳ್ಬೇಕಂದ್ರೆ ನನಗೇ ಬೇಕಿತ್ತು. ಅಂಗೈಯಗಲ ಸೋಲಾರ್ ಪ್ಯಾನೆಲ್, ಬೆಂಕಿಪೊಟ್ಟಣದಷ್ಟು ಫ್ಯೂಯೆಲ್ ಸೆಲ್, ಎರಡು ಪುಟ್ಟ ಸಿಲಿಂಡರ್, ಪೈಪು, ಸಿರಿಂಜು, ಒಂದು ಕಾರು. ಬಿಸಿಲಲ್ಲಿಟ್ರೆ ಆ ಸೆಲ್ ನೀರನ್ನ ಒಡೆದು ಹೈಡ್ರೋಜನ್ನು ಆಕ್ಸಿಜನ್ನು ಮಾಡುತ್ತೆ, ಆಮೇಲೆ ಪ್ಯಾನೆಲ್ ವೈರ್ ಕಿತ್ತು ಮೋಟರ್‌ಗೆ ಸಿಕ್ಕಿಸಿದ್ರೆ ಅದೇ ಸೆಲ್ ಉಲ್ಟಾ ಕೆಲಸ ಮಾಡಿ ಕರೆಂಟ್ ಕೊಡುತ್ತೆ.

ಮೊದಲ ದಿನ ಏನೂ ಆಗ್ಲಿಲ್ಲ, ಅರ್ಧ ಗಂಟೆ ಬಿಸಿಲಲ್ಲಿ ಒಣಗಿದ್ದೇ ಬಂತು. ಮೊದ್ಲು ಸಿರಿಂಜಲ್ಲಿ ಸೆಲ್ ಒಳಗೆ ನೀರು ತುಂಬಿ ಮೆಂಬ್ರೇನ್, ಅಂದ್ರೆ ನಡುವಿನ ತೆಳು ಪೊರೆ, ನೆನೆಯೋಕೆ ಬಿಡ್ಬೇಕಂತೆ, ಅದು ಒಣಗಿದ್ರೆ ಪ್ರೋಟಾನ್ (ಎಲೆಕ್ಟ್ರಾನ್ ಕಳಕೊಂಡ ಹೈಡ್ರೋಜನ್) ದಾಟಲ್ಲ, ಇಷ್ಟು ಮುಖ್ಯವಾದ್ದನ್ನ ಮ್ಯಾನ್ಯುಯಲ್‌ನ ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದಾರೆ ಪುಣ್ಯಾತ್ಮರು. ಡಿಸ್ಟಿಲ್ಡ್ ವಾಟರ್ರೇ ಹಾಕಿ, ನಲ್ಲಿ ನೀರಿನ ಲವಣ ಮೆಂಬ್ರೇನ್ ಕೆಡಿಸುತ್ತೆ. ಉಪ್ಪು ಹಾಕಿದ್ರೆ ಬೇಗ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಕ್ಲೋರಿನ್ ಬರುತ್ತೆ.

ಎರಡನೇ ದಿನ ಗುಳ್ಳೆ ಶುರು! ಸಾಸಿವೆಗಿಂತ ಸಣ್ಣವು, ಪೈಪಲ್ಲಿ ಒಂದರ ಹಿಂದೊಂದು. ಹತ್ತು ನಿಮಿಷದಲ್ಲಿ ಹೈಡ್ರೋಜನ್ ಸಿಲಿಂಡರ್ 20 ಎಂಎಲ್ ಗೆರೆ ಮುಟ್ಟಿತ್ತು, ಆಕ್ಸಿಜನ್ ಇನ್ನೂ 10ರ ಹತ್ರ. "ಇದ್ಯಾಕಪ್ಪಾ ಅರ್ಧ?" ಅಂದ್ಲು ಮಗಳು. ಎಚ್‌ಟುಓ ಅಂತ ಬಾಯಿಪಾಠ ಮಾಡಿದ್ದು ಕಣ್ಣೆದುರಿಗೇ ನಿಂತಿತ್ತು, ಕಿಟ್‌ಗೆ ಕೊಟ್ಟ ದುಡ್ಡು ಅಲ್ಲೇ ವಸೂಲು. ಮೋಡ ಬಂತು, ಗುಳ್ಳೆ ನಿಂತೋಯ್ತು. ನೀರು ಒಡೆಯೋಕೆ ಕಮ್ಮಿ ಅಂದ್ರೂ 1.23 ವೋಲ್ಟ್ ಬೇಕು, ನಿಜವಾಗಿ ನಡೆಯೋಕೆ 1.6ರ ಮೇಲೆ, ಪ್ಯಾನೆಲ್‌ನ ಒಂದು ಸಿಲಿಕಾನ್ ಪಟ್ಟಿ ಕೊಡೋದು ಅರ್ಧ ವೋಲ್ಟ್ ಚಿಲ್ರೆ, ಅದಕ್ಕೇ ಅಂಥ ನಾಲ್ಕು ಪಟ್ಟಿ ಸಾಲಾಗಿ ಜೋಡಿಸಿರೋದು.

ಗ್ಯಾಸ್ ತುಂಬಿಸಿ ಕತ್ತಲಾದ್ಮೇಲೆ ಕಾರನ್ನ ಮನೆ ಹಾಲ್‌ನಲ್ಲಿ ಬಿಟ್ವಿ, ಮೂರು ನಿಮಿಷ ಓಡ್ತು. ಪ್ಯಾನೆಲ್ಲನ್ನೇ ನೇರವಾಗಿ ಮೋಟರ್‌ಗೆ ಕೊಟ್ರೆ ಹತ್ತು ನಿಮಿಷದ ಬಿಸಿಲಿಗೆ ಹತ್ತು ನಿಮಿಷವೂ ಓಡುತ್ತೆ, ಗ್ಯಾಸ್ ಮಾಡೋವಾಗ ಒಂದಿಷ್ಟು ಶಕ್ತಿ ಹೋಗಿ ಮತ್ತೆ ಕರೆಂಟ್ ಮಾಡೋವಾಗ ಸುಮಾರು ಅರ್ಧ ಹೋಗುತ್ತೆ. ಆದ್ರೆ ರಾತ್ರಿ ಪ್ಯಾನೆಲ್ ಏನು ಮಾಡುತ್ತೆ ಹೇಳಿ!

ನನ್ನ ತಕರಾರು ಬಾಕ್ಸ್ ಮೇಲಿನ "ನೀರೇ ಇಂಧನ" ಅನ್ನೋ ಮಾತಿಗೆ. ನೀರು ಅಂದ್ರೆ ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯೋ ಬೂದಿ ಇದ್ದಂಗೆ, ದುಡಿಯೋದೆಲ್ಲ ಬಿಸಿಲು. ದೊಡ್ಡ ಪ್ಲಾಂಟಲ್ಲೂ ಅಷ್ಟೇ, ಒಂದು ಕೆಜಿ ಹೈಡ್ರೋಜನ್‌ಗೆ ಒಡೆಯೋ ನೀರು ಬರೀ 9 ಲೀಟರ್, ಕರೆಂಟ್ ಮಾತ್ರ 50 ಯೂನಿಟ್ ಮೇಲೆ.

ಐದಕ್ಕೆ ಮೂರೂವರೆ ಸ್ಟಾರ್. ಪೈಪು ಎರಡು ವಾರಕ್ಕೇ ಸಡಿಲ ಆಯ್ತು, ಅಂಚು ಸ್ವಲ್ಪ ಕತ್ತರಿಸಿ ಸಿಕ್ಕಿಸಿದೀನಿ, ಸದ್ಯಕ್ಕೆ ಸೋರ್ತಿಲ್ಲ.