ಕೆಂಚನ ಚಿಕಿತ್ಸೆಗೆ ದುಡ್ಡು ಸೇರಿಸಿದ ಮೂರು ದಾರಿ: ಯಾವುದು ಎಷ್ಟು ಕೈಹಿಡಿಯಿತು

ಕೆಂಚ ನಮ್ಮ ಬೀದಿಯ ಬೆಕ್ಕು. ಯಾರ ಮನೆಯದ್ದೂ ಅಲ್ಲ. ಒಂದು ವಾರದಿಂದ ಸರಿಯಾಗಿ ತಿಂದಿರಲಿಲ್ಲ, ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ಗುಡಾಣದ ಹಾಗೆ ಊದಿಕೊಂಡಿತ್ತು. ಡಾಕ್ಟರ್ ಸೂಜಿ ಹಾಕಿ ಹೊಟ್ಟೆಯಿಂದ ಸ್ವಲ್ಪ ನೀರು ತೆಗೆದರು. ಹಳದಿ ಬಣ್ಣ, ಅಂಟು ಅಂಟು, ಎಳೆ ಎಳೆಯಾಗಿ ಇಳಿಯುತ್ತಿತ್ತು. ನೋಡಿದ ಕೂಡಲೇ ಅವರ ಮುಖ ಸಪ್ಪಗಾಯಿತು. ಪರೀಕ್ಷೆಗಳೂ ಅದನ್ನೇ ಹೇಳಿದವು: ಎಫ್‌ಐಪಿ, ಅಂದರೆ ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್.

ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಕೊರೊನಾ ವೈರಸ್, ಕೆಲವು ಬೆಕ್ಕುಗಳ ಮೈಯೊಳಗೆ ರೂಪ ಬದಲಿಸಿದಾಗ ಬರುವ ಕಾಯಿಲೆ ಇದು. ಕೋವಿಡ್ ಅಲ್ಲ, ಮನುಷ್ಯರಿಗೆ ಅಂಟುವುದೂ ಇಲ್ಲ. ದುಡ್ಡು ಕೇಳುವಾಗ ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡಿ, ಎಲ್ಲರೂ ಇದನ್ನೇ ಕೇಳ್ತಾರೆ.

ಮೊದಲೆಲ್ಲ ಈ ಕಾಯಿಲೆ ಬಂದರೆ ಬೆಕ್ಕು ಉಳಿಯುವುದೇ ಅಪರೂಪ ಆಗಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 31 ಬೆಕ್ಕುಗಳಿಗೆ ಜಿಎಸ್-441524 ಅನ್ನೋ ಔಷಧ ಕೊಟ್ಟಾಗ 26 ಬೆಕ್ಕುಗಳು ಪೂರ್ತಿ ಚಿಕಿತ್ಸೆ ಮುಗಿಸಿದವು. ನಮ್ಮ ಡಾಕ್ಟರ್ ಹೇಳಿದ್ದು 84 ದಿನ, ಒಂದು ದಿನವೂ ತಪ್ಪಬಾರದು. ಔಷಧ ಕೊಡುವುದು ತೂಕದ ಲೆಕ್ಕದಲ್ಲಿ, ಅಂದರೆ ಬೆಕ್ಕು ಚೇತರಿಸಿಕೊಂಡು ಮೈ ತುಂಬಿಕೊಂಡ ಹಾಗೆಲ್ಲ ಖರ್ಚೂ ಏರುತ್ತೆ. ಹಾಗಾಗಿ ಒಟ್ಟು ಎಷ್ಟು ದುಡ್ಡು ಬಂತು ಅನ್ನೋದಕ್ಕಿಂತ ಯಾವಾಗ ಬಂತು ಅನ್ನೋದೇ ನನಗೆ ದೊಡ್ಡ ಪ್ರಶ್ನೆ ಆಯಿತು.

ಮೊದಲು ಮಾಡಿದ್ದು ವಾಟ್ಸ್ಆ್ಯಪ್‌ನಲ್ಲಿ ಗೊತ್ತಿರುವವರನ್ನೆಲ್ಲ ಕೇಳಿದ್ದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ ಮೆಸೇಜ್ ಹಾಕಿದೆ. ಬೇಗ ಬರೋದರಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಪರೀಕ್ಷೆಗಳ ಖರ್ಚು, ಮೊದಲ ವಾರದ ಔಷಧ ಎರಡೂ ಅವತ್ತೇ ಸಂಜೆಯೊಳಗೆ ಹೊಂದಿತು. ಆದರೆ ಎರಡನೇ ಸಲ ಕೇಳಿದಾಗ ಕೊಟ್ಟವರು ಅರ್ಧಕ್ಕೂ ಕಡಿಮೆ. ಅವರನ್ನು ದೂರುವುದಿಲ್ಲ, ಅದೇ ಜನ ಎಷ್ಟು ಸಲ ಕೊಡೋಕಾಗುತ್ತೆ? ಇನ್ನೊಂದು ತೊಂದರೆ, ದುಡ್ಡೆಲ್ಲ ನನ್ನ ಖಾತೆಗೇ ಬಂದು ಮನೆ ಖರ್ಚಿನ ಜೊತೆ ಕಲಸಿಹೋಯಿತು. ರಾತ್ರಿ ಕೂತು ಒಂದೊಂದನ್ನೇ ಬಿಡಿಸಿ ಪುಸ್ತಕದಲ್ಲಿ ಬರೆದು, ಅದರ ಫೋಟೋ ಗ್ರೂಪಿಗೆ ಹಾಕುತ್ತಿದ್ದೆ.

ಆಮೇಲೆ ಕ್ರೌಡ್‌ಫಂಡಿಂಗ್ ಪುಟ, ಅಂದರೆ ಆನ್‌ಲೈನಿನಲ್ಲಿ ಯಾರು ಬೇಕಾದರೂ ದುಡ್ಡು ಕೊಡಬಹುದಾದ ಪುಟ. ಗುರುತಿನ ದಾಖಲೆ, ಕ್ಲಿನಿಕ್ಕಿನಿಂದ ಅಂದಾಜು ಖರ್ಚಿನ ಪತ್ರ ಎಲ್ಲ ಕೊಟ್ಟು, ಪುಟ ನಡೆಸುವವರು ಪರಿಶೀಲಿಸಿ, ದುಡ್ಡು ನನ್ನ ಕೈಗೆ ಬರುವಷ್ಟರಲ್ಲಿ 9 ದಿನ ಆಗಿತ್ತು. ಮೇಲೆ ಅವರ ಶುಲ್ಕ ಬೇರೆ ಕಡಿತ. ನಾಳೆಯ ಡೋಸ್‌ಗೆ ಇದನ್ನೇ ನಂಬಿ ಕೂರಬೇಡಿ. ಆದರೆ ಮುಖ ನೋಡದ ಜನ ಕೊಟ್ಟರಲ್ಲ, ಅದು ಇಲ್ಲಿ ಮಾತ್ರ ಸಿಕ್ಕಿದ್ದು. ಶುರುವಿನಲ್ಲಿ 84 ದಿನದ ಪೂರ್ತಿ ಖರ್ಚನ್ನೇ ಗುರಿ ಅಂತ ಹಾಕಿದ್ದೆ, ಪುಟ ಮಿಸುಕಲಿಲ್ಲ. ಮೊದಲ 4 ವಾರಕ್ಕೆ ಇಷ್ಟು ಅಂತ ಇಳಿಸಿದ ಮೇಲೆ ದುಡ್ಡು ಬರತೊಡಗಿತು. ಫೋಟೋದ ವಿಷಯವೂ ಹಾಗೇ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಕೆಂಚನ ಫೋಟೋವನ್ನು ಜನ ಹಂಚಿಕೊಂಡರು, ಕೊಟ್ಟವರು ಕಡಿಮೆ. 10ನೇ ದಿನ ಬಟ್ಟಲಿಗೆ ಮುಖ ಹೂತು, ಕಿವಿ ಎರಡು ಮಾತ್ರ ಕಾಣುವ ಹಾಗೆ ತಿನ್ನುತ್ತಿದ್ದ ಫೋಟೋ ಹಾಕಿದೆ, ಜೊತೆಗೆ ತೂಕದ ಯಂತ್ರದ ಮೇಲಿನ ಅಂಕಿ. ಅವತ್ತು ಬಂದಷ್ಟು ದುಡ್ಡು ಬೇರೆ ಯಾವ ದಿನವೂ ಬರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಇದನ್ನೇ ಮೊದಲು ಮಾಡಬೇಕಿತ್ತು ಅಂತ ಈಗಲೂ ಅನಿಸುತ್ತೆ. ಕೆಂಚನ ಹೆಸರಲ್ಲಿ ಬೇರೆ ಲೆಕ್ಕ ಇಡೋಕೆ ಕ್ಲಿನಿಕ್ಕಿನವರನ್ನು ಕೇಳಿದೆ, ಒಪ್ಪಿದರು. ಕೊಡುವವರು ನೇರವಾಗಿ ಅಲ್ಲಿಗೇ ಕಟ್ಟಿ, ಅವರಿಂದಲೇ ರಸೀದಿ ತಗೊಳ್ಳೋದು. ನಾನೊಂದು ಹಾಳೆಯಲ್ಲಿ 84 ಚೌಕ ಬರೆದು, ಒಬ್ಬೊಬ್ಬರು ಒಂದೊಂದು ದಿನದ ಔಷಧ ವಹಿಸಿಕೊಳ್ಳಿ ಅಂದೆ. ಸುಮ್ನೆ 'ಸಹಾಯ ಮಾಡಿ' ಅಂದರೆ ಎಷ್ಟು ಕೊಡಬೇಕು ಅಂತ ಜನರಿಗೆ ತಿಳಿಯೋದಿಲ್ಲ, ಒಂದು ದಿನದ ಡೋಸ್ ಅಂದರೆ ತಕ್ಷಣ ತಿಳಿಯುತ್ತೆ. ಒಬ್ಬರು ಮಗಳ ಹುಟ್ಟಿದ ದಿನ ಆರಿಸಿಕೊಂಡರು. ಇನ್ನೊಬ್ಬರು ಪ್ರತಿ ಸೋಮವಾರ ನನ್ನದು ಅಂದರು. ಯಾರ ದಿನವೋ ಅವರಿಗೆ ಅವತ್ತು ಕೆಂಚನ ಒಂದು ಫೋಟೋ, ತೂಕ, ಜ್ವರ ಎಷ್ಟು ಅಂತ ಕಳಿಸುತ್ತಿದ್ದೆ. ಇದು ನಿಧಾನ, ಚೌಕ ತುಂಬೋಕೆ ಸುಮಾರು 3 ವಾರ ಹಿಡಿಯಿತು. ಎಲ್ಲ ಕ್ಲಿನಿಕ್ಕಿನವರೂ ಒಪ್ಪುತ್ತಾರೆ ಅಂತಲೂ ಇಲ್ಲ. ಆದರೆ ಲೆಕ್ಕ ತೋರಿಸುವ ಭಾರ ನನ್ನ ತಲೆಯಿಂದ ಇಳಿಯಿತು, ಅಷ್ಟು ಹೊತ್ತನ್ನು ಅವನ ಹತ್ತಿರ ಕಳೆದೆ.

ನಾಳೆ ಇನ್ನೊಂದು ಬೆಕ್ಕು ಬಂದರೆ ಮೊದಲ ದಿನದ ಖರ್ಚಿಗೆ ಮಾತ್ರ ವಾಟ್ಸ್ಆ್ಯಪ್, ಅವತ್ತೇ ಕ್ಲಿನಿಕ್ಕಿನಲ್ಲಿ ಲೆಕ್ಕ ತೆರೆದು ಚೌಕದ ಹಾಳೆ. ಕ್ರೌಡ್‌ಫಂಡಿಂಗ್ ಪುಟ ಚಿಕಿತ್ಸೆ ಉದ್ದ ಇದ್ದರೆ ಮಾತ್ರ. ಪೆಟ್ಟು ಬಿದ್ದು ಆಪರೇಷನ್ ಆಗಬೇಕಾದ ಬೆಕ್ಕಿಗೆ ಅದರ ದುಡ್ಡು ಹೊತ್ತಿಗೆ ಸಿಗೋದಿಲ್ಲ. ಯಾವ ದಾರಿ ಹಿಡಿದರೂ, ದುಡ್ಡು ಉಳಿದರೆ ಎಲ್ಲಿಗೆ ಹೋಗುತ್ತೆ ಅಂತ ಕೇಳುವಾಗಲೇ ಬರೆದಿಡಿ. ನಾನು ಬರೆದಿರಲಿಲ್ಲ, ಕೊನೆಗೆ ಒಬ್ಬೊಬ್ಬರನ್ನೂ ಕೇಳಬೇಕಾಯಿತು.

84 ಚೌಕವೂ ಮುಗಿದವು. ಈಗ ಔಷಧ ಇಲ್ಲ, ಕಾಯಿಲೆ ಮರಳುತ್ತಾ ಅಂತ ಇನ್ನೊಂದು 84 ದಿನ ನೋಡುತ್ತಿರಬೇಕು. ಇವತ್ತಿಗೆ 40 ಆಯಿತು. ಮುಂದಿನ ರಕ್ತ ಪರೀಕ್ಷೆಗೆ ಬೇಕಾದ ದುಡ್ಡು ಕ್ಲಿನಿಕ್ಕಿನ ಲೆಕ್ಕದಲ್ಲೇ ಇದೆ. ಕೆಂಚ ಕಿಟಕಿಯ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿದ್ದಾನೆ.