ಚೀಟಿಯಿಲ್ಲದ ಬಾಟಲಿಯಲ್ಲಿ ಕೀಟನಾಶಕ: ಕಾಫಿ ತೋಟದವರ ಗಮನಕ್ಕೆ

ಕೀಟನಾಶಕವನ್ನು ನೀರಿನ ಖಾಲಿ ಬಾಟಲಿಗೆ ಸುರಿದು ಚಿಲ್ಲರೆಯಾಗಿ ಮಾರುವ ಅಂಗಡಿಗಳಿಂದ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಸೋಮವಾರಪೇಟೆ ಕಡೆಯ ನಮ್ಮ ಅರೇಬಿಕಾ ತೋಟಕ್ಕೆ ಕಳೆದ ಅಕ್ಟೋಬರಿನಲ್ಲಿ, ಬಿಳಿ ಕಾಂಡಕೊರಕದ ದುಂಬಿಗಳು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವ ಹೊತ್ತಿಗೆ, ಪೇಟೆಯ ಅಂಗಡಿಯವರೊಬ್ಬರು ‘ಕೊರಕಕ್ಕೆ ಇದೇ ಮದ್ದು’ ಎಂದು ಅಂಥದೊಂದು ಬಾಟಲಿಯನ್ನು ಕೊಟ್ಟು ಕಳುಹಿಸಿದ್ದರು. ಅದರ ಮೇಲೆ ಹೆಸರಾಗಲಿ, ಬೆರೆಸುವ ಪ್ರಮಾಣವಾಗಲಿ, ವಿಷದ ತೀವ್ರತೆಯನ್ನು ತಿಳಿಸುವ ಬಣ್ಣದ ತ್ರಿಕೋನವಾಗಲಿ ಇರಲಿಲ್ಲ; ಬಿಲ್ಲಂತೂ ಇಲ್ಲವೇ ಇಲ್ಲ.

ಕಾಂಡಗಳಿಗೆ ಮದ್ದು ಹೊಡೆದ ಕೆಲಸದವರಿಗೆ ಮಧ್ಯಾಹ್ನದೊಳಗೆ ಅಂಗಿ ತೊಯ್ಯುವಷ್ಟು ಬೆವರು, ನಿಲ್ಲದ ಜೊಲ್ಲು, ವಾಂತಿ ಶುರುವಾಯಿತು. ರೆಪ್ಪೆಗಳು ತಾವಾಗಿಯೇ ಅದುರುತ್ತಿದ್ದವು, ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ‘ಯಾವ ಔಷಧಿ?’ ಎಂದು. ಹೇಳಲು ನಮ್ಮಲ್ಲಿ ಹೆಸರೇ ಇರಲಿಲ್ಲ. ಲಕ್ಷಣಗಳಿಂದಲೇ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕ ಗುಂಪಿನ ವಿಷವೆಂದು ಗುರುತಿಸಿ ಅವರು ಅದಕ್ಕೆ ಪ್ರತಿವಿಷವಾದ ಅಟ್ರೋಪಿನ್ ಕೊಡಲಾರಂಭಿಸಿದ್ದರಿಂದ ಜೀವ ಉಳಿಯಿತು. ಅದು ಕ್ಲೋರ್‌ಪೈರಿಫಾಸ್ ಎಂದು ಅಂಗಡಿಯವರು ಬಾಯಿಬಿಟ್ಟದ್ದು ಸಂಜೆ, ಅದೂ ಫೋನಿನಲ್ಲಿ.

ನರಗಳ ಸಂದೇಶವನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಈ ಗುಂಪಿನ ರಾಸಾಯನಿಕಗಳು ನಿಷ್ಕ್ರಿಯಗೊಳಿಸುತ್ತವೆ. ಕೊರಕ ಸಾಯುವುದೂ ಮನುಷ್ಯ ಒದ್ದಾಡುವುದೂ ಇದೇ ಕಾರಣಕ್ಕೆ. ಚರ್ಮದ ಮೂಲಕವೂ ವಿಷ ಒಳಸೇರುವುದರಿಂದ ‘ಬಾಯಿಗೆ ಹೋಗಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು.

ಪಂಪು ತೊಳೆದ ನೀರು ತೋಡಿಗೆ ಸೇರಿತ್ತು. ಮರುದಿನ ಗದ್ದೆ ಬದಿಯ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಏಡಿಗಳು ಕಲ್ಲುಗಳ ನಡುವೆ ಸತ್ತು ಬಿದ್ದಿದ್ದವು. ಕ್ಲೋರ್‌ಪೈರಿಫಾಸ್ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಕೆಲವು ಜಾತಿಯ ಮೀನುಗಳಿಗೆ ಮಾರಕ; ನೀರಿನಲ್ಲಿ ಅಷ್ಟಾಗಿ ಕರಗದೆ ಕೆಸರಿಗೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ. ನಮ್ಮ ತೋಡು ಹಾರಂಗಿಗೆ, ಹಾರಂಗಿ ಕಾವೇರಿಗೆ ಸೇರುತ್ತದೆ. ಜೇನುನೊಣಗಳಿಗೂ ಇದು ಅಷ್ಟೇ ಕೆಟ್ಟದ್ದು, ಕಾಫಿ ಹೂ ಅರಳಿಸುವ ಹೂಮಳೆಯ ನಂತರವಂತೂ ಇದರ ಹತ್ತಿರ ಸುಳಿಯಬಾರದು. ಐರೋಪ್ಯ ಒಕ್ಕೂಟ 2020ರಲ್ಲೇ ಇದರ ಅನುಮತಿಯನ್ನು ಕೈಬಿಟ್ಟಿದೆ. 2025ರಲ್ಲಿ, ಬೇಗ ನಾಶವಾಗದ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ, ಕೆಲವು ವಿನಾಯಿತಿಗಳೊಂದಿಗೆ, ಇದು ಸೇರಿದೆ.

ಕೊರಕವನ್ನು ತಡೆಯಲು ಈಗ ನಾವು ತೆಂಗಿನ ನಾರಿನಿಂದ ಕಾಂಡ ಉಜ್ಜಿ ಸುಣ್ಣ ಬಳಿಸುತ್ತಿದ್ದೇವೆ, ನೆರಳನ್ನೂ ಉಳಿಸಿಕೊಳ್ಳುತ್ತಿದ್ದೇವೆ. ಕೂಲಿ ಹೆಚ್ಚು ಬೀಳುತ್ತದೆ, ನಿಜ. ಮದ್ದು ಹೊಡೆಯಲೇಬೇಕೆಂದರೆ ಸೀಲು ಒಡೆಯದ ಡಬ್ಬಿಯನ್ನು ಬಿಲ್ಲಿನೊಂದಿಗೆ ಕೇಳಿ ಪಡೆಯಿರಿ. ಅದರೊಳಗಿನ ಚೀಟಿಯಲ್ಲಿ ಪ್ರತಿವಿಷದ ಹೆಸರು ಅಚ್ಚಾಗಿರುತ್ತದೆ, ಯಾರಿಗಾದರೂ ಮೈ ಕೆಟ್ಟರೆ ಆ ಚೀಟಿಯನ್ನೂ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.