ಟೋಸ್ಟ್‌ಮಾಸ್ಟರ್ಸ್ ಕ್ಲಬ್: ಸೇರುವುದು ಸುಲಭ, ಉಳಿಯುವುದು ಹೇಗೆ?

ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಭೆ ನಡೆಸುವ ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ, ಅಂದರೆ ನಾಲ್ಕು ಜನರೆದುರು ಮಾತನಾಡುವುದನ್ನು ಅಭ್ಯಾಸ ಮಾಡುವ ಕೂಟಕ್ಕೆ, ನಾನು ಸೇರಿ ಎರಡು ವರ್ಷ ತುಂಬಿತು. ಅದರಲ್ಲಿ ಒಂದು ವರ್ಷ ಸದಸ್ಯತ್ವದ ಉಪಾಧ್ಯಕ್ಷನಾಗಿ, ಅಂದರೆ ಹೊಸಬರನ್ನು ಬರಮಾಡಿಕೊಂಡು ಬಂದವರನ್ನು ಉಳಿಸಿಕೊಳ್ಳುವ ಹೊಣೆ ಹೊತ್ತು, ಕೆಲಸ ಮಾಡಿದ್ದೇನೆ. ಸೇರಲು ಯೋಚಿಸುತ್ತಿರುವವರು ಸಾಮಾನ್ಯವಾಗಿ ಶುಲ್ಕ ಎಷ್ಟು, ಎಷ್ಟು ಹೊತ್ತು ಬೇಕು ಎಂದು ವಿಚಾರಿಸುತ್ತಾರೆ. ಆ ಕ್ಲಬ್ಬಿಗೆ ಕಳೆದ ವರ್ಷ ಸೇರಿದವರು ಈ ವರ್ಷವೂ ಇದ್ದಾರೆಯೇ ಎಂದು ಕೇಳುವವರು ತೀರ ಕಡಿಮೆ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ರಾಲ್ಫ್ ಸ್ಮೆಡ್ಲಿ ಎಂಬವರು 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾ ಊರಿನ ವೈಎಂಸಿಎಯಲ್ಲಿ ಆರಂಭಿಸಿದ ಕೂಟವೇ ಇಂದು ಹಲವು ದೇಶಗಳಿಗೆ ಹರಡಿರುವ ಈ ಸಂಸ್ಥೆಯ ಮೂಲ. ಇಲ್ಲಿ ಪಾಠ ಮಾಡುವ ಗುರುಗಳಿಲ್ಲ. ಸದಸ್ಯರೇ ಮಾತನಾಡುತ್ತಾರೆ, ಸದಸ್ಯರೇ ಕೇಳಿ ವಿಮರ್ಶೆ ಮಾಡುತ್ತಾರೆ. ಹಾಗಾಗಿ ಸದಸ್ಯರ ಸಂಖ್ಯೆ ಕುಸಿದರೆ ಕಲಿಕೆಯೇ ನಿಂತುಹೋಗುತ್ತದೆ. ಹೊಸ ಕ್ಲಬ್ ಸ್ಥಾಪಿಸಲು 20 ಮಂದಿ ಬೇಕೆಂಬ ನಿಯಮದ ಅರ್ಥ ನನಗೆ ತಿಳಿದದ್ದು, ಒಮ್ಮೆ ಒಂಬತ್ತೇ ಮಂದಿ ಸೇರಿ ಸಭೆ ನಡೆಸಬೇಕಾಗಿ ಬಂದಾಗ. ನಿರೂಪಕರು, ಸಮಯ ನೋಡುವವರು, ವ್ಯಾಕರಣ ಗಮನಿಸುವವರು, 'ಆಂ', 'ಮತ್ತೆ', 'ಏನಂದ್ರೆ' ಎಂಬ ಮಾತುಗಳನ್ನು ಎಣಿಸುವವರು, ವಿಮರ್ಶಕರು ಎಂದು ಪಾತ್ರಗಳನ್ನು ಹಂಚುತ್ತಾ ಹೋದಂತೆ ಒಬ್ಬೊಬ್ಬರ ತಲೆಗೆ ಎರಡೆರಡು ಹೊರೆ ಬಿದ್ದಿತ್ತು.

ಅತಿಥಿಯಾಗಿ ಬರುವುದಕ್ಕೆ ಹಣ ಕೊಡಬೇಕಾಗಿಲ್ಲ. ನಾನು ಮೊದಲ ಸಲ ಹೋದಾಗ ನನ್ನ ಪಕ್ಕದಲ್ಲಿ ಒಬ್ಬ ಮಹಿಳೆ ಕೂತಿದ್ದರು, ಅವರೂ ಅತಿಥಿಯೇ. ಟೇಬಲ್ ಟಾಪಿಕ್ಸ್ ಎಂಬ ಆಶುಭಾಷಣದ ಭಾಗದಲ್ಲಿ 'ನಿಮ್ಮ ಮನೆಯ ಹಳೆಯ ವಸ್ತು' ಎಂಬ ವಿಷಯ ಅವರ ಪಾಲಿಗೆ ಬಂತು. ಅಜ್ಜಿಯ ಒರಳುಕಲ್ಲಿನ ಬಗ್ಗೆ ಮಾತು ಶುರು ಮಾಡಿದವರು ಅರ್ಧ ನಿಮಿಷಕ್ಕೇ ತಡೆದು ನಿಂತರು. ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಆತುರಪಡಿಸಲಿಲ್ಲ. ಅವರು ಮತ್ತೆ ಮುಂದುವರಿಸಿದರು, ಒಂದು ನಿಮಿಷವಾದಾಗ ಕನಿಷ್ಠ ಸಮಯ ತುಂಬಿತೆಂದು ಸೂಚಿಸುವ ಹಸಿರು ಕಾರ್ಡ್ ಹಿಂದಿನ ಸಾಲಿನಲ್ಲಿ ಮೇಲೆದ್ದಿತು. ಕೊನೆಯಲ್ಲಿ ವಿಮರ್ಶಕರು, "ಕಲ್ಲು ತಿರುಗುವ ಸದ್ದನ್ನು ನೀವು ಹೇಳಿದಾಗ ನಮಗೂ ಕೇಳಿಸಿತು ಮೇಡಂ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ" ಎಂದರು. ಆ ಮಹಿಳೆ ಅಂದೇ ಅರ್ಜಿ ತುಂಬಿದರು, ಈಗ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಫ್ಲೆಕ್ಸ್ ಹಾಕಿಸಿ, ವಾಟ್ಸಾಪ್ ಗುಂಪುಗಳಿಗೆಲ್ಲ ಕರೆಯೋಲೆ ಕಳಿಸಿ ನಾವು ತಂದ ಸದಸ್ಯರಿಗಿಂತ ಅಂಥ ಒಂದೊಂದು ವಿಮರ್ಶೆ ತಂದವರೇ ಹೆಚ್ಚು.

ಇದಕ್ಕೆ ಮೊದಲು ಯಾವ ಸಂಸ್ಥೆಗೂ ಸೇರದ ಒಂದು ಭಾಷಣ ಕೂಟದಲ್ಲಿ ನಾನಿದ್ದೆ. ಅಲ್ಲಿ ಹಣ ಕಟ್ಟಿಸಿಕೊಂಡ ಮೇಲೆ ನನ್ನ ಸರದಿ ಯಾವಾಗ ಎಂದು ಹೇಳುವವರೇ ಇರಲಿಲ್ಲ. ಮೂರು ತಿಂಗಳು ಚೆನ್ನಾಗಿ ಮಾತನಾಡುವ ನಾಲ್ವರ ಮಾತನ್ನೇ ಕೇಳಿ ಬಿಟ್ಟುಬಂದೆ. ಒಂದು ಫೋನ್ ಕೂಡ ಬರಲಿಲ್ಲ. ಆ ನೋವು ನೆನಪಿದ್ದುದರಿಂದಲೇ, ಹೊಣೆ ನನ್ನ ಕೈಗೆ ಬಂದಾಗ, ಹೊಸ ಸದಸ್ಯರ ಮೊದಲ ಭಾಷಣದ ದಿನಾಂಕವನ್ನು ಅರ್ಜಿ ತೆಗೆದುಕೊಳ್ಳುವಾಗಲೇ ಬರೆದುಕೊಳ್ಳುವ ರೂಢಿ ಮಾಡಿದೆ. 'ಐಸ್ ಬ್ರೇಕರ್' ಎಂಬ ಆ ಭಾಷಣ 4ರಿಂದ 6 ನಿಮಿಷದ್ದು, ವಿಷಯ ತನ್ನದೇ ಬದುಕು. ಅದನ್ನು ಬರೆಯಲು ನೆರವಾಗುವ ಹಿರಿಯ ಸದಸ್ಯರೊಬ್ಬರನ್ನು ಅದೇ ದಿನ ಜೊತೆಗೂಡಿಸುತ್ತೇವೆ. ಸತತವಾಗಿ ಎರಡು ಸಭೆಗೆ ಬಾರದವರಿಗೆ ಸಂದೇಶ ಕಳಿಸದೆ ಫೋನ್ ಮಾಡುತ್ತೇವೆ. ಎಷ್ಟೋ ಸಲ ಆ ಕಡೆಯಿಂದ ಕೇಳಿಬಂದದ್ದು, "ನಾನು ಬರದಿದ್ದದ್ದು ನಿಮಗೆ ಗೊತ್ತಾಯ್ತಾ ಸರ್?" ಎಂಬ ಮಾತು.

ಶುಲ್ಕದ ಬಗ್ಗೆ ಮರೆಮಾಚುವುದು ಬೇಡ. 2023ರ ಅಕ್ಟೋಬರಿನಿಂದ ಅದು ಆರು ತಿಂಗಳಿಗೆ 60 ಡಾಲರ್, ಹೊಸಬರಿಗೆ ಪ್ರವೇಶ ಶುಲ್ಕ ಬೇರೆ. ರೂಪಾಯಿಗೆ ತಿರುಗಿಸಿದರೆ ವಿದ್ಯಾರ್ಥಿಗಳಿಗೆ ಮತ್ತು ಸಣ್ಣ ಸಂಬಳದವರಿಗೆ ಅದು ದುಬಾರಿಯೇ, ಮತ್ತು ಮಾತಿನ ಅಭ್ಯಾಸ ಬೇಕಾದವರು ಅವರೇ. ಏಪ್ರಿಲ್ ಮತ್ತು ಅಕ್ಟೋಬರಿನ ನವೀಕರಣ ಬಂದಾಗ, ಆ ಅವಧಿಯಲ್ಲಿ ಒಮ್ಮೆಯೂ ವೇದಿಕೆ ಹತ್ತದವರು ಹಣ ಕಟ್ಟುವುದಿಲ್ಲ, ಅದು ಸಹಜ. ನಿಗದಿತ ತಿಂಗಳುಗಳಲ್ಲಿ ಐದು ಹೊಸ ಸದಸ್ಯರನ್ನು ಸೇರಿಸಿದ ಕ್ಲಬ್ಬಿಗೆ ಸಂಸ್ಥೆ ಮನ್ನಣೆ ಕೊಡುತ್ತದೆ. ಉತ್ಸಾಹ ಮೂಡಿಸಲು ಅದು ಒಳ್ಳೆಯದೇ, ಆದರೆ ಮನ್ನಣೆಗಾಗಿ ಅವಸರದಲ್ಲಿ ಕರೆತಂದವರಿಗೆ ವೇದಿಕೆ ಕೊಡಲಾಗದಿದ್ದರೆ ಅವರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವರಿಗಿಂತ, ಅಂದು ಹೆಸರು ಕೊಟ್ಟು ಕೊನೆ ಗಳಿಗೆಯಲ್ಲಿ ಹಿಂದೆ ಸರಿದವರಿಗೆ ಈ ಸದಸ್ಯತ್ವವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಹತ್ತಿರದ ಕ್ಲಬ್ ಎಂದು ಮೊದಲ ದಿನವೇ ಹಣ ಕಟ್ಟಬೇಡಿ. ಎರಡು ಸಭೆಗಳಿಗೆ ಅತಿಥಿಯಾಗಿ ಹೋಗಿ, ಮುಂದಿನ ತಿಂಗಳ ಭಾಷಣಕಾರರ ಪಟ್ಟಿಯನ್ನು ಕೇಳಿ ಪಡೆದು ನೋಡಿ. ಅದರಲ್ಲಿ ಇತ್ತೀಚೆಗೆ ಸೇರಿದವರ ಹೆಸರುಗಳಿದ್ದರೆ ಅರ್ಜಿ ತುಂಬಿ, ನಿಮ್ಮ ಹೆಸರಿನ ಮುಂದೆ ಒಂದು ದಿನಾಂಕ ಬರೆಸಿಕೊಂಡೇ ಮನೆಗೆ ಹೊರಡಿ.